ಘಟ್ಟ ಹತ್ತಲೊಲ್ಲದ ಭಾನುವಾರ: ಪಡುಕೆರೆಯಿಂದ ಚಿಕ್ಕಮಗಳೂರಿಗೆ ಎರಡು ವಾಪಸಾತಿ

ಚಿಕ್ಕಮಗಳೂರು ಪೇಟೆಯ ಒಂದು ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ಗಂಡನ ತಾಯಿ. ದಸರಾ ರಜೆಯ ಕೊನೆಯ ವಾರ ಮಲ್ಪೆ ಪಕ್ಕದ ಪಡುಕೆರೆಯಲ್ಲಿ, ಕಡಲಿಗೆ ನೂರು ಹೆಜ್ಜೆಯ ಬಾಡಿಗೆ ಮನೆಯಲ್ಲಿ ಐದು ರಾತ್ರಿ ಇದ್ದು ಬಂದರು. ಹೀಗೆ ಎರಡು ವರ್ಷ ಹೋದದ್ದು. ಮನೆ ಅದೇ, ಕಾರು ಅದೇ, ಜನವೂ ಅವರೇ. ಮೊದಲ ವರ್ಷ ವಾಪಸು ಬರುವುದು ಎಷ್ಟು ಕೆಟ್ಟಿತೆಂದರೆ, "ಇನ್ನು ಸಮುದ್ರದ ಸಹವಾಸವೇ ಬೇಡ, ಅಳಿಸಿಕೊಂಡು ಬರೋದಕ್ಕೆ ಅಷ್ಟು ದೂರ ಹೋಗಬೇಕಾ" ಎಂದು ಮಕ್ಕಳ ತಾಯಿ ತೀರ್ಮಾನಿಸಿದ್ದರು. ಎರಡನೇ ವರ್ಷ ಅದೇ ದಾರಿಯಲ್ಲಿ ಬಂದರೂ ಅತ್ತದ್ದು ಒಬ್ಬನೇ, ಅದೂ ನಾಲ್ಕು ದಿನ ಬಿಟ್ಟು, ಹತ್ತು ನಿಮಿಷ.

ಕಡಲ ತಡಿಯಲ್ಲಿ ಕಳೆದ ದಿನಗಳು ಎರಡೂ ವರ್ಷ ಹೆಚ್ಚುಕಡಿಮೆ ಒಂದೇ ಥರ ಇದ್ದವು. ಬೇರೆಯಾದದ್ದು ಹೊರಡುವ ಮುಂಚಿನ ಸಂಜೆಯಿಂದ ಮನೆ ಸೇರಿ ಮಲಗುವವರೆಗಿನ ಅವಧಿ. ಹಾಗಾಗಿ ಇಲ್ಲಿ ಬಿಡಿಸಿ ನೋಡುವುದು ಅದನ್ನಷ್ಟೇ.

ಮೊದಲ ವರ್ಷ ನಡೆದದ್ದು

ಭಾನುವಾರ ಬೆಳಿಗ್ಗೆ 11ಕ್ಕೆ ಮನೆ ಬಿಟ್ಟುಕೊಡಬೇಕಿತ್ತು. ಮಕ್ಕಳು ಎಂಟೂವರೆಗೇ ನೀರಿಗಿಳಿದಿದ್ದರು. ಹತ್ತು ಗಂಟೆಗೆ ಅಪ್ಪ ದಡದಿಂದ "ಇನ್ನೈದೇ ನಿಮಿಷ" ಎಂದು ಕೂಗಿದರು. ಹತ್ತೂಕಾಲಿಗೆ ಮತ್ತೊಮ್ಮೆ, ಹತ್ತೂವರೆಗೆ ಇನ್ನೊಮ್ಮೆ ಕೂಗಿದರು. ಹತ್ತು ಐವತ್ತಕ್ಕೆ ತಾಯಿಯೇ ಇಳಿದು ಮಗನ ರಟ್ಟೆ ಹಿಡಿದು ಎಳೆತಂದರು. ಸ್ನಾನಕ್ಕೆ ಹೊತ್ತಿಲ್ಲ. ಒದ್ದೆ ಚಡ್ಡಿ, ಟವೆಲು, ಫ್ರಾಕು ಎಲ್ಲವನ್ನೂ ಹಾಗೇ ಹಿಂಡಿ ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿದರು. ಮಗ ಐದು ದಿನ ಆರಿಸಿದ್ದ ಚಿಪ್ಪು, ಶಂಖಗಳ ಚೀಲವೂ ಡಿಕ್ಕಿಗೆ ಹೋಯಿತು. ಮಲ್ಪೆಯಲ್ಲಿ ಮೂರು ಕೆ.ಜಿ. ಬಂಗುಡೆ ತೆಗೆದುಕೊಂಡು, ಒಂದು ಕೆ.ಜಿ.ಯಷ್ಟು ಐಸ್ ಹಾಕಿಸಿ ಅದನ್ನೂ ಅಲ್ಲೇ ಇಟ್ಟರು.

ಉಡುಪಿಯಲ್ಲಿ ಊಟ. ಭಾನುವಾರದ ಜನ, ಕಾರು ನಿಲ್ಲಿಸಲು ಅರ್ಧ ಗಂಟೆ, ಕೂರಲು ಇನ್ನರ್ಧ ಗಂಟೆ. ಪಾಯಸ, ಪೂರಿ, ಮೇಲೆ ಐಸ್‌ಕ್ರೀಮು ಮುಗಿಸಿ ಎರಡೂಕಾಲಿಗೆ ಹೊರಟು ಕಾರ್ಕಳ, ಬೆಳ್ತಂಗಡಿ ದಾಟಿ ಉಜಿರೆ ಮುಟ್ಟಿದಾಗ ನಾಲ್ಕೂವರೆ. ಐದರ ಸುಮಾರಿಗೆ ಚಾರ್ಮಾಡಿ ಘಟ್ಟದ ಬುಡ. ಮಳೆ ಬಿಟ್ಟ ಮೇಲಿನ ವಾರಗಳಲ್ಲಿ ಘಟ್ಟದ ಝರಿಗಳಲ್ಲಿ ಇನ್ನೂ ನೀರಿರುತ್ತದೆ. ಪ್ರತಿ ತಿರುವಿನಲ್ಲೂ ಕಾರು ನಿಲ್ಲಿಸಿ ಫೋಟೊ ತೆಗೆಯುವವರು. ಮುಕ್ಕಾಲು ಗಂಟೆಯ ದಾರಿಗೆ ನೂರು ನಿಮಿಷ ಹಿಡಿಯಿತು. ನಡುವೆ ಮಂಜು ಕವಿಯಿತು. ಹಿಂದಿನ ಸೀಟಿನಲ್ಲಿ ಮಗಳು ಮೊಬೈಲಿನಲ್ಲಿ ರಜೆಯ ಫೋಟೊ ನೋಡುತ್ತಿದ್ದವಳು ಮೊದಲು ಸುಮ್ಮನಾದಳು, ಆಮೇಲೆ ಬೆವರಿದಳು, ಆಮೇಲೆ ವಾಂತಿ. ಅದರ ವಾಸನೆಗೆ ತಮ್ಮನೂ ಶುರುಮಾಡಿದ. ಕೊಟ್ಟಿಗೆಹಾರ ಮುಟ್ಟಿದಾಗ ಪೂರ್ತಿ ಕತ್ತಲು. ಮಕ್ಕಳ ಮೈಮೇಲೆ ತೋಳಿಲ್ಲದ ಹತ್ತಿ ಅಂಗಿ. ಸ್ವೆಟರು ಡಿಕ್ಕಿಯ ತಳದಲ್ಲಿ, ಮೀನಿನ ಕೆಳಗೆ.

ಮನೆಗೆ ಬಂದದ್ದು 8.20ಕ್ಕೆ. ಆರು ದಿನ ಮುಚ್ಚಿದ್ದ ಮನೆಯ ಮುಗ್ಗಲು ವಾಸನೆ, ಖಾಲಿ ಟ್ಯಾಂಕು. ಹಾಲಿಲ್ಲ, ಹಿಟ್ಟಿಲ್ಲ. ಯೂನಿಫಾರ್ಮ್ ಒಗೆಯದೇ ಬಿದ್ದಿತ್ತು, ರಜೆಯ ಹೋಮ್‌ವರ್ಕ್ ಬಾಕಿ ಇತ್ತು. ಬೆಳಿಗ್ಗೆ ಶಾಲೆ. ಬಂಗುಡೆ ಮೆತ್ತಗಾಗಿದೆ ಎಂದು ಅಜ್ಜಿ ಮೂಸಿ ನೋಡಿ ಹೊರಗೆ ಹಾಕಿಸಿದರು. "ಅಪ್ಪ, ವಾಪಸ್ ಹೋಗೋಣ" ಎಂದು ಮಗ ಬಿಕ್ಕುತ್ತಿದ್ದಾಗ, ಅಪ್ಪ ಸಾಕಾಗಿ "ಮುಂದಿನ ತಿಂಗಳು ಮತ್ತೆ ಹೋಗೋಣ, ಈಗ ಮಲಗು" ಎಂದುಬಿಟ್ಟರು. ಮುಂದಿನ ಮೂರು ವಾರ ಹುಡುಗ ದಿನಾ ಬೆಳಿಗ್ಗೆ ಮುಂದಿನ ತಿಂಗಳು ಬಂತಾ ಎಂದು ಕೇಳಿದ. ಬುಧವಾರ ಡಿಕ್ಕಿ ತೆರೆದಾಗ ಶಂಖದೊಳಗಿನ ಏಡಿಗಳು ಸತ್ತು ನಾರುತ್ತಿದ್ದವು. ಕಾರಿನ ಮ್ಯಾಟು ತಿಂಗಳಾದರೂ ಒಣಗಲಿಲ್ಲ.

ಒಂದು ಸಂಕಟವಲ್ಲ, ನಾಲ್ಕು

ಮನೆಯವರು ಇದನ್ನೆಲ್ಲ ಸೇರಿಸಿ 'ಮಕ್ಕಳಿಗೆ ಸಮುದ್ರ ಬಿಟ್ಟು ಬರಲು ಮನಸ್ಸಿಲ್ಲ' ಎಂದು ಒಂದೇ ಹೆಸರಿಟ್ಟರು. ತಪ್ಪಾದದ್ದು ಅಲ್ಲೇ. ಮಗನಿಗೆ ಬೇಡವಾಗಿದ್ದು ನೀರು ಬಿಡುವುದು. ಮಗಳಿಗೆ ಬೇಡವಾಗಿದ್ದು ಸೋಮವಾರ; ಕಡಲಿಲ್ಲದ ಊರಿಗೆ ಹೋಗಿದ್ದರೂ ಅವಳು ಹಾಗೇ ಇರುತ್ತಿದ್ದಳು. ತಂದೆತಾಯಿಗೆ ಬೇಡವಾಗಿದ್ದು ಐದು ದಿನ ಯಾರೋ ಬಡಿಸಿದ್ದನ್ನು ಉಂಡ ಮೇಲೆ ಮತ್ತೆ ಅಡುಗೆಮನೆ, ಕಚೇರಿ. ಅಜ್ಜಿಗಂತೂ ಮನೆಗೆ ಬರುವುದೇ ಬೇಕಿತ್ತು. ಘಟ್ಟದ ಕೆಳಗಿನ ಸೆಕೆಗೆ ಮೂರನೇ ರಾತ್ರಿಯಿಂದಲೇ ಅವರಿಗೆ ನಿದ್ದೆ ಇರಲಿಲ್ಲ. ಆದರೆ ಆ ಮಾತು ಆಡಿದರೆ ಮಕ್ಕಳ ಖುಷಿಗೆ ಕಲ್ಲು ಹಾಕಿದಂತಾದೀತೆಂದು ಬಾಯಿ ಬಿಡಲಿಲ್ಲ. ಮನೆಯ ಪರವಾಗಿ ಮಾತಾಡಬಲ್ಲ ಒಬ್ಬರೇ ಒಬ್ಬರು ಹೀಗೆ ಸುಮ್ಮನಾದರು.

ನೆನಪಿನ ಲೆಕ್ಕವೂ ಇಲ್ಲಿ ಕೆಲಸ ಮಾಡಿದೆ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದ್ದರು. 14 ಡಿಗ್ರಿ ತಣ್ಣೀರಿನಲ್ಲಿ ಕೈ ಇಟ್ಟು 60 ಸೆಕೆಂಡ್ ಕೂರುವುದು ಒಂದು ಸುತ್ತು. ಇನ್ನೊಂದರಲ್ಲಿ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡ್, ಆದರೆ ಆಗ ನೀರು ನಿಧಾನಕ್ಕೆ 15 ಡಿಗ್ರಿಗೆ ಏರುತ್ತದೆ. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಉದ್ದದ ಸುತ್ತನ್ನೇ ಆರಿಸಿದರು. ಕೊನೆ ಸ್ವಲ್ಪ ಹಗುರಾದರೆ ಒಟ್ಟು ನೆನಪೇ ಹಗುರಾಗುತ್ತದೆ ಎಂಬುದು ಅದರ ತಾತ್ಪರ್ಯ. ಬೇಸಿನ್ನಿನಲ್ಲಿ ಕೈಯದ್ದಿದ ದೊಡ್ಡವರ ಪ್ರಯೋಗವನ್ನು ಕಾರಿನ ಹಿಂದಿನ ಸೀಟಿನ ಮಕ್ಕಳಿಗೆ ಹಾಗೇ ಹಾಕಲಾಗದು, ನಿಜ. ಆದರೂ ಈ ಮನೆಯಲ್ಲಿ ಆದದ್ದು ಅದರ ತಲೆಕೆಳಗು. ರಜೆ ಮುಗಿದದ್ದು ಕಡಲ ದಡದಲ್ಲಲ್ಲ, ರಾತ್ರಿ 8.20ಕ್ಕೆ, ಖಾಲಿ ಟ್ಯಾಂಕಿನ ಮುಂದೆ. ಐದು ಒಳ್ಳೆಯ ದಿನಗಳ ಮೇಲೆ ಆ ಒಂದು ಸಂಜೆ ಕೂತುಬಿಟ್ಟಿತು.

ಎರಡನೇ ವರ್ಷ ಬದಲಿಸಿದ್ದು

ಮೊದಲು ವಾರ ಬದಲಿಸಿದರು. ಮಂಗಳವಾರದ ಬದಲು ಸೋಮವಾರ ಹೊರಟು, ಭಾನುವಾರದ ಬದಲು ಶನಿವಾರ ಮರಳಿದರು. ರಾತ್ರಿಗಳು ಅಷ್ಟೇ ಐದು. ತಂದೆಗೆ ಒಂದು ದಿನದ ರಜೆ ಹೆಚ್ಚು ಖರ್ಚಾಯಿತು, ಬದಲಿಗೆ ಮನೆಯಲ್ಲಿ ಒಂದು ಖಾಲಿ ಭಾನುವಾರ ಸಿಕ್ಕಿತು. ಕಡಲಿನಿಂದ ನೇರ ಶಾಲೆಗೆ ಬೀಳುವುದು ಬೇರೆ, ನಡುವೆ ಒಂದು ದಿನ ಕಾಲು ಚಾಚಿ ಕೂರುವುದು ಬೇರೆ. ಮಗಳ ಸೋಮವಾರದ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಯೂನಿಫಾರ್ಮ್ ಇಸ್ತ್ರಿ, ಹೋಮ್‌ವರ್ಕ್ ಎರಡೂ ಹೊರಡುವ ಮೊದಲೇ ಮುಗಿದಿದ್ದವು.

ಎರಡನೆಯದು, ಕಡಲಿಗೆ ವಿದಾಯ ಹೇಳುವ ಹೊತ್ತು. ನಮ್ಮ ಪಡುವಣ ಕರಾವಳಿಯಲ್ಲಿ ಸೂರ್ಯ ಕಡಲಿಗೇ ಮುಳುಗುತ್ತಾನೆ. ದಿನ ತಾನಾಗಿ ಮುಗಿಯುವ ಆ ಹೊತ್ತನ್ನು ಬಿಟ್ಟು, ಬೆಳಿಗ್ಗೆ ಹತ್ತೂವರೆಗೆ, ಬಿಸಿಲು ಏರಿ ಆಟ ರಂಗೇರಿದಾಗ ಮಗುವನ್ನು ಎಳೆದು ತರುವುದು ಕೆಟ್ಟ ಲೆಕ್ಕ. ಶುಕ್ರವಾರ ಸಂಜೆಯೇ ಕೊನೆಯ ಸಲ ನೀರಿಗಿಳಿಯುವುದು ಎಂದು ಬುಧವಾರದಿಂದ ಹೇಳುತ್ತಾ ಬಂದರು. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸಂಜೆ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಬೆಳಕಿರುವಾಗಲೇ ನೀರಿನಿಂದ ಮೇಲೆ ಬಂದು, ಮೈ ಒರೆಸಿಕೊಂಡು, ಮರಳ ಮೇಲೆ ಕೂತು ಮುಳುಗುವುದನ್ನು ನೋಡಿದರು. ಕತ್ತಲಾದಮೇಲೆ ನೀರಿಗಿಳಿಯುವುದು ಹೇಗೂ ಇಲ್ಲ, ಆದ್ದರಿಂದ ಅಲ್ಲಿ ಚೌಕಾಸಿಗೆ ಜಾಗವೇ ಉಳಿಯಲಿಲ್ಲ.

'ಐದು ನಿಮಿಷ' ಎಂಬ ಮಾತನ್ನೂ ಬಿಟ್ಟರು. ಆರು ವರ್ಷದ ಮಗುವಿಗೆ ನಿಮಿಷ ಕಾಣುವುದಿಲ್ಲ. ಮೂರು ಸಲ ಸುಳ್ಳಾದ ಐದು ನಿಮಿಷವನ್ನು ನಂಬುವ ಕಾರಣವೂ ಇಲ್ಲ. ಬದಲಿಗೆ ಅಲೆ ಎಣಿಸಿದರು. "ಇನ್ನು ಇಪ್ಪತ್ತು ಅಲೆ, ಎಣಿಸು." ಹತ್ತು ಸೆಕೆಂಡಿಗೊಂದು ಅಂತಿಟ್ಟುಕೊಂಡರೂ ಮೂರು ನಿಮಿಷ ಚಿಲ್ಲರೆ. ಎಣಿಸುವವನು ಅವನೇ ಆದ್ದರಿಂದ ಮುಗಿಸಿದವನೂ ಅವನೇ ಆದ. ಒಂದೆರಡು ಸಣ್ಣ ಅಲೆಗಳನ್ನು ಲೆಕ್ಕಕ್ಕೆ ಹಿಡಿಯದೆ ಮೋಸ ಮಾಡಿದ್ದು ಅಜ್ಜಿಗೆ ಗೊತ್ತಾಯಿತು, ಹೇಳಲಿಲ್ಲ.

ಚಿಪ್ಪುಗಳಿಗೆ ಒಂದು ಪದ್ಧತಿ ಮಾಡಿದರು. ತರುವುದು ಎರಡು ಹಿಡಿ ಮಾತ್ರ. ಕೊನೆಯ ರಾತ್ರಿ ಅವನ್ನು ಪೇಪರ್ ಹಾಸಿದ ತಟ್ಟೆಯಲ್ಲಿ ಹರಡಿ, ಮೇಲೆ ಜಾಲರಿ ಬುಟ್ಟಿ ಕವುಚಿ ಬಿಡುವುದು. ಒಳಗೆ ಏಡಿ ಇದ್ದರೆ ಕತ್ತಲಲ್ಲಿ ನಡೆದು ಜಾಗ ಬದಲಿಸಿರುತ್ತದೆ. ಶಂಖದ ಬಾಯಿಗೆ ಕಂದು ಮುಚ್ಚಳದಂಥದ್ದು ಕೂತಿದ್ದರೆ ಅದರಲ್ಲೂ ಹುಳು ಬದುಕಿದೆ ಎಂದೇ ಅರ್ಥ. ಬೆಳಿಗ್ಗೆ ಮೂರು ಶಂಖ ಜಾಗ ಬದಲಿಸಿದ್ದವು. ಅವನ್ನು ಕಡಲಿಗೆ ಬಿಟ್ಟು ಬರುವುದು ಮಗನ ಕೆಲಸ. ಶನಿವಾರ ಅವನು ಕಡಲಿಗೆ ಹೋದದ್ದು ಅಷ್ಟಕ್ಕೇ, ಪಾದ ನೆನೆಯುವಷ್ಟು. ಕೈಯಲ್ಲಿ ಕೆಲಸ ಇಟ್ಟುಕೊಂಡು ಹೋದವನು ಕೆಲಸ ಮುಗಿಸಿ ತಿರುಗಿ ಬಂದ. ಉಳಿದ ಚಿಪ್ಪುಗಳನ್ನು ಮನೆಗೆ ಬಂದಮೇಲೆ ಹತ್ತು ನಿಮಿಷ ಕುದಿಸಿ ಬಿಸಿಲಿಗೆ ಹಾಕಿದರು.

ಉಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಲೆನಾಡಿನ ಮನೆಗಳು ಎಡವುವುದು ಇಲ್ಲೇ. ಸಮುದ್ರದ ನೀರಿನಲ್ಲಿ ನೆನೆದ ಬಟ್ಟೆ ಒಣಗಿದರೂ ಉಪ್ಪು ನೂಲಿನಲ್ಲೇ ಕೂತಿರುತ್ತದೆ. ಗಾಳಿಯ ತೇವಾಂಶ ಶೇ 75 ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಒದ್ದೆಯಾಗುತ್ತದೆ. ಅಕ್ಟೋಬರಿನ ಚಿಕ್ಕಮಗಳೂರಿನಲ್ಲಿ ರಾತ್ರಿ ಇಷ್ಟು ತೇವ ಸಾಮಾನ್ಯ. ಹಗಲು ಒಣಗಿದ ಟವೆಲು ಬೆಳಗಾಗುವಷ್ಟರಲ್ಲಿ ಮತ್ತೆ ತಣ್ಣಗೆ, ಅಂಟಂಟು. ಮೊದಲ ವರ್ಷ ಕಾರಿನ ಮ್ಯಾಟು ತಿಂಗಳಾದರೂ ಒಣಗದಿದ್ದುದರ ಗುಟ್ಟು ಇದೇ. ಬಿಸಿಲಿಗೆ ಎಷ್ಟು ಹಾಕಿದರೂ ಪ್ರಯೋಜನವಿಲ್ಲ; ಸಿಹಿನೀರಿನಲ್ಲಿ ಉಪ್ಪು ಹೋಗುವಂತೆ ಜಾಲಾಡಬೇಕು. ಶುಕ್ರವಾರ ಸಂಜೆಯೇ ಬಾವಿ ನೀರಿನಲ್ಲಿ ಎರಡು ಸಲ, ಸಲಕ್ಕೊಂದು ಬಕೆಟ್ಟಿನಂತೆ ಎಲ್ಲರ ಒದ್ದೆ ಬಟ್ಟೆ ಜಾಲಾಡಿ ರಾತ್ರಿ ಫ್ಯಾನಿನ ಕೆಳಗೆ ಹರವಿದರು. ಪೂರ್ತಿ ಒಣಗದಿದ್ದರೂ ಚಿಂತೆಯಿಲ್ಲ. ಉಪ್ಪು ಹೋದ ಒದ್ದೆ ಬಟ್ಟೆ ಮನೆಗೆ ಬಂದು ಹರವಿದರೆ ಸುಲಭವಾಗಿ ಒಣಗುತ್ತದೆ.

ಮರಳು ಇದಕ್ಕೆ ಉಲ್ಟಾ. ಒದ್ದೆ ಮರಳನ್ನು ಉಜ್ಜಲೇಬಾರದು, ಉಜ್ಜಿದಷ್ಟೂ ಒಳಗೆ ಇಳಿಯುತ್ತದೆ. ಕಾಲಿನದಾದರೆ ಪೌಡರ್ ಉದುರಿಸಿ ತೇವ ಹೀರಿಸಿ ಕೈಯಿಂದ ಸವರಿದರೆ ಉದುರುತ್ತದೆ. ಕಾರಿನೊಳಗಿನದು ಒಣಗಿದ ಮೇಲೆ ಬ್ರಷ್ಷು, ಆಮೇಲೆ ವ್ಯಾಕ್ಯೂಮ್. ಸೀಟಿನ ಮೇಲೆ ಹಳೇ ಬೆಡ್‌ಶೀಟು ಹಾಸಿದ್ದರೆ ಮುಕ್ಕಾಲು ಕೆಲಸ ಅಲ್ಲಿಗೇ ಮುಗಿಯಿತು. ಸೀಟ್‌ಬೆಲ್ಟಿನ ಬಕಲ್‌ನೊಳಗೆ ಮರಳು ಬೀಳದಂತೆ ನೋಡಿಕೊಳ್ಳಬೇಕು, ಬಿದ್ದರೆ ಸಿಕ್ಕಿಕೊಳ್ಳುತ್ತದೆ. ಕಡಲ ಪಕ್ಕ ಐದು ದಿನ ನಿಂತ ಕಾರಿನ ತಳಕ್ಕೆ, ಚಕ್ರದ ಒಳಗಡೆಗೆ ಆ ವಾರದೊಳಗೆ ಸಿಹಿನೀರು ಹೊಡೆಸುವುದು ಒಳ್ಳೆಯದು.

ಮೀನಿನ ಆಸೆಯನ್ನು ಎರಡನೇ ವರ್ಷ ಕೈಬಿಟ್ಟರು. ತರಲೇಬೇಕೆಂದರೆ ಮೀನಿನಷ್ಟೇ ತೂಕದ ಐಸ್ ಬೇಕು. ಮೂರು ಕೆ.ಜಿ.ಗೆ ಮೂರು ಕೆ.ಜಿ., ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತಳಕ್ಕೊಂದು ಪದರ ಐಸ್, ನಡುವೆ ಕರುಳು ತೆಗೆದ ಮೀನು, ಮೇಲೆ ಮತ್ತೆ ಐಸ್. ಬಂಗುಡೆಯ ವಿಷಯದಲ್ಲಿ ಇದು ಬರೀ ರುಚಿಯ ಪ್ರಶ್ನೆಯಲ್ಲ. ತಣ್ಣಗಿಡದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬೆಳೆಯುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಮೊದಲ ವರ್ಷ ಅಜ್ಜಿ ಹೊರಗೆ ಹಾಕಿಸಿದ್ದು ಸರಿಯಾಗಿಯೇ ಇತ್ತು. ಅಷ್ಟಕ್ಕೂ ಕರಾವಳಿಯ ಮೀನು ಚಿಕ್ಕಮಗಳೂರಿನ ಮಾರುಕಟ್ಟೆಗೇ ಬರುತ್ತದೆ. ಒಣ ಸೀಗಡಿಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತಂದರು, ಅಷ್ಟು ಸಾಕಾಯಿತು.

ಘಟ್ಟ

ಪಡುಕೆರೆಯಿಂದ ಚಿಕ್ಕಮಗಳೂರಿಗೆ ಕಾರ್ಕಳ, ಉಜಿರೆ, ಚಾರ್ಮಾಡಿ, ಮೂಡಿಗೆರೆ ಮೇಲೆ ಸುಮಾರು 180 ಕಿ.ಮೀ. ಕಡಲ ಮಟ್ಟದಿಂದ ಸಾವಿರ ಮೀಟರಿಗೂ ಮೇಲಕ್ಕೆ ಏರಬೇಕು, ಆ ಏರಿಕೆಯ ಬಹುಪಾಲು ಘಟ್ಟದ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲೇ. ಶಿರಾಡಿ ಮೇಲೆ ಸಕಲೇಶಪುರಕ್ಕೆ ಬಂದು ಬೇಲೂರು ಹಿಡಿದರೆ ದಾರಿ ಬಹಳ ಸುತ್ತು. ಆಗುಂಬೆಯ 14 ಹೇರ್‌ಪಿನ್ ತಿರುವುಗಳು ವಾಂತಿ ಬರುವ ಮಕ್ಕಳಿಗೆ ಹೇಳಿ ಮಾಡಿಸಿದ ಶಿಕ್ಷೆ. ಹಾಗಾಗಿ ಚಾರ್ಮಾಡಿಯೇ ಸರಿ. ಆದರೆ 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಮುಚ್ಚಿದ್ದ ರಸ್ತೆ ಅದು. ಮಳೆ ಜೋರಾಗಿದ್ದರೆ ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳಬೇಕು.

ಅಕ್ಟೋಬರಿನಲ್ಲಿ ಘಟ್ಟಕ್ಕೆ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಆದ್ದರಿಂದ ಹನ್ನೊಂದರೊಳಗೆ ಹತ್ತಿ ಮುಗಿಸಬೇಕೆಂಬ ಲೆಕ್ಕದಲ್ಲಿ ಬೆಳಿಗ್ಗೆ ಏಳಕ್ಕೆ ಹೊರಟರು. ಕಾರ್ಕಳದಲ್ಲಿ ಎರಡೆರಡು ಇಡ್ಲಿ, ಅದಕ್ಕಿಂತ ಹೆಚ್ಚಿಲ್ಲ. ತುಂಬಿದ ಹೊಟ್ಟೆ, ಪೂರಾ ಖಾಲಿ ಹೊಟ್ಟೆ, ಎರಡೂ ಘಟ್ಟಕ್ಕೆ ಆಗದು. ವೈದ್ಯರನ್ನು ಕೇಳಿ ಮಕ್ಕಳಿಗೆ ವಾಂತಿಯ ಮಾತ್ರೆ ತಂದಿಟ್ಟುಕೊಂಡಿದ್ದರು, ಅದನ್ನು ಕಾರ್ಕಳದಲ್ಲೇ ಕೊಟ್ಟರು. ಅವೊಮಿನ್‌ನಂಥ ಮಾತ್ರೆ ಘಟ್ಟಕ್ಕೆ ಒಂದೆರಡು ಗಂಟೆ ಮೊದಲೇ ಹೊಟ್ಟೆ ಸೇರಿರಬೇಕು. ವಾಂತಿ ಶುರುವಾದಮೇಲೆ ನುಂಗಿಸಿದರೆ ಮಾತ್ರೆಯೂ ಹೊರಗೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ, ಉಳಿದವರಿಗೂ ನಿದ್ದೆ ಬರಿಸುತ್ತದೆ. ಆ ದಿನ ನಿದ್ದೆಯೇನೂ ಬೇಡವಾಗಿರಲಿಲ್ಲ.

ಉಜಿರೆ ದಾಟಿದಮೇಲೆ ಮೊಬೈಲು ಅಜ್ಜಿಯ ಕೈಚೀಲಕ್ಕೆ. ಕಣ್ಣು ನಿಂತ ಪರದೆಯ ಮೇಲೆ, ಕಿವಿಯೊಳಗೆ ಸಮತೋಲ ಕಾಯುವ ಅಂಗಕ್ಕೆ ಮಾತ್ರ ಪ್ರತಿ ತಿರುವಿಗೂ ಹೊಯ್ದಾಟ. ಇವೆರಡರ ಜಗಳವೇ ವಾಂತಿ. ಹೊರಗೆ, ದೂರಕ್ಕೆ ನೋಡುತ್ತಿದ್ದರೆ ಜಗಳ ತಗ್ಗುತ್ತದೆ. ಸಣ್ಣವನಿಗೆ ಕಿಟಕಿಯಾಚೆ ಕಾಣುವಂತೆ ಬೂಸ್ಟರ್ ಸೀಟು ಹಾಕಿದ್ದರು. ಅವನಿಗೊಂದು ಕೆಲಸವೂ ಇತ್ತು. ಕರಾವಳಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣವನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡು ಅದು ಉಬ್ಬುವುದನ್ನು ನೋಡುವುದು. ಸಾವಿರ ಮೀಟರ್ ಏರಿದರೆ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಇಳಿಯುತ್ತದೆ, ಪೊಟ್ಟಣ ದಿಂಬಿನ ಹಾಗೆ ಬಿಗಿಯುತ್ತದೆ. ಕಿವಿ ಕಟ್ಟುವುದೂ ಇದಕ್ಕೇ. ಪೆಪ್ಪರ್‌ಮೆಂಟು ಚೀಪಿ ಎಂಜಲು ನುಂಗಿದರೆ ಬಿಡುತ್ತದೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಆ ಪೊಟ್ಟಣ ಒಡೆದರು. ಸ್ವೆಟರು ಈ ಸಲ ಸೀಟಿನ ಮೇಲೇ ಇತ್ತು.

ಎಲ್ಲ ಸರಿಹೋಯಿತೆಂದೇನಲ್ಲ. ಉಜಿರೆಯಿಂದ ಬಣಕಲ್‌ವರೆಗೆ ಮಗಳು ಒಂದು ಮಾತೂ ಆಡಲಿಲ್ಲ. "ಯಾಕಮ್ಮ ಸಪ್ಪಗಿದ್ದೀಯ" ಎಂದು ತಾಯಿ ಒಂದು ಸಲ ಕೇಳಿದರು, ಉತ್ತರ ಬರಲಿಲ್ಲ, ಮತ್ತೆ ಕೇಳಲಿಲ್ಲ. ಅದು ಒಳ್ಳೆಯದಾಯಿತು. ಹನ್ನೊಂದರ ಹುಡುಗಿಯ ಬೇಸರವನ್ನು ಕೆದಕಿ ಹಗುರ ಮಾಡಲು ಹೋದರೆ ಅದು ಕೋಪವಾಗುತ್ತದೆ. ಕಡಲು ಬಿಟ್ಟು ಬರುವಾಗ ಯಾರಾದರೂ ಸಪ್ಪಗಿರುವುದು ದುರಸ್ತಿ ಮಾಡಬೇಕಾದ ದೋಷವೂ ಅಲ್ಲ.

ಮನೆಯ ಬಾಗಿಲು

ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗಿದ್ದರು. ಹಾಗಾಗಿ ಶುಕ್ರವಾರ ಸಂಜೆ ಟ್ಯಾಂಕು ತುಂಬಿತ್ತು, ಶನಿವಾರ ಬೆಳಿಗ್ಗೆ ಕಿಟಕಿ ತೆರೆದಿತ್ತು, ಫ್ರಿಜ್ಜಿನಲ್ಲಿ ಒಂದು ಲೀಟರ್ ಹಾಲಿತ್ತು. ಹಾಸಿಗೆಗೆ ಒಗೆದ ಹೊದಿಕೆ ಹೊರಡುವ ದಿನವೇ ಹಾಸಿಯಾಗಿತ್ತು. ಒಂದೂಕಾಲಿಗೆ ಬಂದು ಇಳಿದವರಿಗೆ ಅನ್ನ, ತಿಳಿಸಾರು, ಹಪ್ಪಳ ಮಾಡಲು ಮುಕ್ಕಾಲು ಗಂಟೆ ಸಾಕಾಯಿತು. ಐದು ದಿನ ಹೋಟೆಲು, ಮೀನಿನ ಖಾರ ಕಂಡ ಹೊಟ್ಟೆಗೆ ಅದು ಹಿತ. ಹಂಡೆ ಒಲೆಗೆ ಬೆಂಕಿ ಬಿತ್ತು.

ಈ ಸಲ ಅಜ್ಜಿ ಬಾಯಿ ಬಿಟ್ಟಿದ್ದರು, ಅದೂ ಪಡುಕೆರೆಯಲ್ಲೇ, ನಾಲ್ಕನೇ ರಾತ್ರಿ: "ಅಯ್ಯಪ್ಪ, ಈ ಸೆಕೆ. ನಮ್ಮನೇಲಿ ಈಗ ರಗ್ಗು ಹೊದ್ಕೊಂಡು ಮಲಗಬಹುದಿತ್ತು." ಮಕ್ಕಳು ನಕ್ಕರು. ಆದರೆ ಶನಿವಾರ ರಾತ್ರಿ ರಗ್ಗಿನೊಳಗೆ ಮೊದಲು ನುಸುಳಿದವರು ಅವರೇ. ಕಡಲಲ್ಲಿ ಸಿಗದ್ದು ಮನೆಯಲ್ಲಿ ಏನಿದೆ ಎಂಬುದನ್ನು ಅಲ್ಲೇ, ಬೆವರುತ್ತಿರುವಾಗಲೇ ಯಾರಾದರೂ ಒಬ್ಬರು ಹೇಳಬೇಕು. ಮನೆಗೆ ಬಂದು ಹೇಳಿದರೆ ಅದು ಸಮಾಧಾನದ ಮಾತಾಗುತ್ತದೆ, ಮಕ್ಕಳು ನಂಬುವುದಿಲ್ಲ.

'ಮುಂದಿನ ತಿಂಗಳು' ಎಂಬ ಮಾತು ಈ ಸಲ ಬರಲಿಲ್ಲ. ಸಂಶೋಧಕ ಯೆರೂನ್ ನಾವೈನ್ ಮತ್ತು ಸಂಗಡಿಗರು 1,530 ಡಚ್ಚರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರವಾಸಕ್ಕೆ ಹೋಗುವವರ ಹೆಚ್ಚಿನ ಸಂತೋಷ ಕಂಡದ್ದು ಹೋಗುವ ಮುಂಚೆ. ಬಂದಮೇಲೆ, ತುಂಬ ಆರಾಮಾಗಿ ಕಳೆದವರನ್ನು ಬಿಟ್ಟರೆ, ಹೋಗದವರಿಗೂ ಇವರಿಗೂ ಅಂತರವೇ ಇರಲಿಲ್ಲ. ಎದುರು ನೋಡುವುದರಲ್ಲೇ ಇಷ್ಟು ಸುಖವಿದ್ದಮೇಲೆ ಸುಳ್ಳು ದಿನಾಂಕ ಕೊಡುವುದು ನಷ್ಟದ ಬಾಬತ್ತು. ಭಾನುವಾರ ಕ್ಯಾಲೆಂಡರ್ ಇಳಿಸಿ, ನಿಜವಾಗಿ ಹೋಗಬಹುದಾದ ಒಂದು ದಿನಕ್ಕೆ ಮಗಳ ಕೈಯಲ್ಲೇ ಗುರುತು ಹಾಕಿಸಿದರು. ಡಿಸೆಂಬರಿನಲ್ಲಿ ಬೇಲೂರು, ಒಂದು ದಿನ. ಕಡಲಲ್ಲ, ಆದರೆ ಹೇಳಿದ್ದು ಆಗುವಂಥದ್ದು.

ಬುಧವಾರ ರಾತ್ರಿ ಮಗ ಕಡಲು ಬೇಕೆಂದು ಅತ್ತ. ಅವನು ಅರ್ಧ ಲೀಟರ್ ಬಾಟಲಿಯಲ್ಲಿ ಸಮುದ್ರದ ನೀರು ತಂದಿದ್ದ. ಮರುದಿನ ತಾಯಿ ಅದನ್ನು ಅಗಲದ ಸ್ಟೀಲ್ ತಟ್ಟೆಗೆ ಸುರಿದು ಮಹಡಿಯ ಬಿಸಿಲಿಗಿಟ್ಟರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅರ್ಧ ಲೀಟರಿಗೆ ಹದಿನೇಳರ ಆಸುಪಾಸು, ಮೂರು ಟೀ ಚಮಚ. ಐದನೇ ದಿನ ಅಂಚಿನಲ್ಲಿ ಬಿಳಿ ಹರಳು ಕಟ್ಟಿತು. ಬೆಳಗಾದರೆ ಮತ್ತೆ ತಟ್ಟೆಯೆಲ್ಲ ನೀರು. "ಅಮ್ಮಾ, ಸಮುದ್ರ ವಾಪಸ್ ಬಂದಿದೆ" ಎಂದು ಹುಡುಗ ಮೂರು ದಿನ ಓಡಿ ಬಂದು ಹೇಳಿದ. ನಾಲ್ಕನೇ ದಿನ ಅಜ್ಜಿ ತಟ್ಟೆಯನ್ನು ಬಚ್ಚಲೊಲೆಯ ಪಕ್ಕದ ಬಿಸಿ ಕಟ್ಟೆಯ ಮೇಲಿಟ್ಟರು. ರಾತ್ರಿ ಕಳೆಯುವಷ್ಟರಲ್ಲಿ ಉಪ್ಪು ಗರಿಗರಿಯಾಗಿತ್ತು.